ಮನೆಯ ಹೊರಗಿನ ದೀಪ



ದೀಪಾವಳಿ ಹತ್ತಿರ ಬಂದಿತು. ಇಂದು ಸಂಜೆ ಊರೊಳಗಿನಿಂದ ಹಾದು ಬರುವಾಗ ನಾವು ನೋಡುತ್ತ ಬಂದೆವು. ಒಂದು ಮನೆಯ ಮುಂದೆ ಹುಡುಗನೊಬ್ಬ ಏಣಿ ಏರಿ ಮಾಳಿಗೆಯ ಅಂಚಿಗೆ ವಿದ್ಯುದ್ದೀಪದ ಸರವನ್ನು ಬಿಗಿಯುತ್ತಿದ್ದ. ಇನ್ನೊಂದು ಮನೆಯಲ್ಲಿ ಹೋದ ವರ್ಷದ ಸರ ಗಂಟುಗಂಟಾಗಿ ಜಗಲಿಯ ಮೇಲೆ ಬಿದ್ದಿತ್ತು, ಮನೆಮಂದಿಯೆಲ್ಲ ಸುತ್ತ ಕುಳಿತು ಅದನ್ನು ಬಿಡಿಸುತ್ತಿದ್ದರು. ನೋಡುವುದಕ್ಕೆ ಸಂತೋಷವೆನ್ನಿಸಿತು. ಆದಕಾರಣ ಈ ಹೊತ್ತಿನ ಮಾತನ್ನು ಆ ದೀಪದ ಸರದ ಮೇಲೆಯೇ ಆಡಬೇಕೆಂದು ಮಾಡಿದ್ದೇವೆ. ಮಠದವರಿಗೆ ಕರೆಂಟಿನ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರು ಒಳಗೊಳಗೇ ನಗಬಹುದು. ನಗಲಿ. ಕಾರಣ ಉಂಟು, ಮುಂದೆ ಹೇಳುತ್ತೇವೆ.

ಮನೆಯಲ್ಲಿ ದೀಪಗಳು ಎರಡು ಬಗೆ. ಒಳಗಿನ ದೀಪ ನಮಗಾಗಿ ಇಟ್ಟುಕೊಂಡದ್ದು. ಅದರ ಬೆಳಕಿನಲ್ಲಿ ಅಡುಗೆಯಾಗುತ್ತದೆ, ಮಕ್ಕಳು ಓದುತ್ತಾರೆ, ಲೆಕ್ಕಪತ್ರ ನಡೆಯುತ್ತದೆ. ಹೊರಗಿನ ದೀಪ ಹಾಗಲ್ಲ. ಹಳೆಯ ಮನೆಗಳ ತಲೆಬಾಗಿಲಿನ ಎರಡೂ ಪಕ್ಕದ ಗೋಡೆಯಲ್ಲಿ ಅಂಗೈಯಗಲದ ಗೂಡು ಇರುತ್ತಿದ್ದುದನ್ನು ನೀವೆಲ್ಲ ನೋಡಿದ್ದೀರಿ. ಹೊಗೆ ಹಿಡಿದು ಕಪ್ಪಾದ ಆ ಗೂಡಿನಲ್ಲಿ ಸಂಜೆ ಒಂದು ಹಣತೆ ಇಡುವರು. ಅದರ ಬೆಳಕಿನಿಂದ ಮನೆಯವರಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ಓಣಿಯಲ್ಲಿ ನಡೆಯುವವನು ಕಲ್ಲು ಎಡವದಿರಲಿ, ಹೊತ್ತು ಮೀರಿ ಬಂದ ಪರಸ್ಥಳದವನಿಗೆ ಇಲ್ಲೊಂದು ಮನೆಯಿದೆ ಎಂದು ತಿಳಿಯಲಿ, ಇಷ್ಟೇ. ಹಬ್ಬದ ದಿನ ಅದೇ ಹಣತೆ ಹತ್ತಾಗಿ ಕಟ್ಟೆಯ ಉದ್ದಕ್ಕೂ ಸಾಲುಗಟ್ಟುತ್ತಿತ್ತು. ಹೊರಗಿನ ದೀಪ ಬೀದಿಗೆ ಸಲ್ಲತಕ್ಕದ್ದು. ಈಗ ಹಣತೆಯ ಜಾಗದಲ್ಲಿ ತಂತಿ ಬಂದಿದೆ. ಬರಲಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬೀದಿಯವನಿಗೆಂದು ಇಟ್ಟ ದೀಪವೇ ಬೀದಿಯವನನ್ನು ಹಿಡಿದುಕೊಂಡರೆ ಹೇಗೆ? ಹಣತೆ ಯಾರನ್ನೂ ಹಿಡಿಯುತ್ತಿರಲಿಲ್ಲ. ಬಹಳವೆಂದರೆ ಸೆರಗಿಗೆ ತಗಲುತ್ತಿತ್ತು, ತಗಲಿದ್ದು ಕಣ್ಣಿಗೆ ಕಾಣುತ್ತಿತ್ತು. ತಂತಿಯಲ್ಲಿರುವುದು ಕಾಣುವುದಿಲ್ಲ.

ಈ ಸರ ಎಲ್ಲಿಂದ ಬಂದಿತು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡೋಣ. ಅಮೆರಿಕದಲ್ಲಿ ಥಾಮಸ್ ಎಡಿಸನ್ 1880ರ ಕ್ರಿಸ್ಮಸ್ ಕಾಲಕ್ಕೆ ಮೆನ್ಲೋ ಪಾರ್ಕಿನ ತನ್ನ ಪ್ರಯೋಗಶಾಲೆಯ ಹೊರಗೆ ಬಲ್ಬುಗಳನ್ನು ಸಾಲಾಗಿ ತೂಗುಹಾಕಿಸಿದನು. ಪಕ್ಕದಲ್ಲಿ ಹೋಗುವ ರೈಲಿನ ಪ್ರಯಾಣಿಕರು ಅದನ್ನು ನೋಡುತ್ತಿದ್ದರು. ಎರಡು ವರ್ಷದ ತರುವಾಯ, 1882ರಲ್ಲಿ, ಅವನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಹಬ್ಬದ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಸಣ್ಣ ಬಲ್ಬುಗಳನ್ನು ಕೈಯಾರೆ ತಂತಿ ಹಾಕಿ ಹೊತ್ತಿಸಿದನು. ನಮ್ಮ ಕಡೆ ಶಿವನಸಮುದ್ರದ ಕಾವೇರಿಯ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂದಿತು. ಮೈಸೂರಿನ ಅರಮನೆಯ ಹೊರಮೈಯಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳು ಏಕಕಾಲಕ್ಕೆ ಹೊತ್ತುವುದನ್ನು ದಸರೆಗೆ ಹೋದವರೆಲ್ಲ ಬಾಯಿ ತೆರೆದು ನೋಡಿ ಬಂದಿದ್ದೀರಿ. ಅಲ್ಲಿ ಬಲ್ಬಿಗೊಂದು ಗಟ್ಟಿಯಾದ ಹಿಡಿಕೆ ಇದೆ, ನೋಡಿಕೊಳ್ಳುವುದಕ್ಕೆ ಕೆಲಸ ಬಲ್ಲವರು ಇದ್ದಾರೆ. ನಮ್ಮ ಮನೆಗಳಲ್ಲಿ ಸಂತೆಯಿಂದ ತಂದ ಸರವಿದೆ, ಕಟ್ಟುವುದಕ್ಕೆ ಹತ್ತನೆಯ ಇಯತ್ತೆಯ ಹುಡುಗನಿದ್ದಾನೆ.

ಇನ್ನು ನಾವು ಹೇಳುತ್ತೇವೆಂದ ಕಾರಣ. ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಪರಿಚಯದ ಒಬ್ಬ ಶಾಲಾ ಮಾಸ್ತರರು ಹೊಸ ಮನೆ ಕಟ್ಟಿಸಿದ್ದರು, ಆ ಮನೆಯಲ್ಲಿ ಅದು ಮೊದಲನೆಯ ದೀಪಾವಳಿ. ಅಮಾವಾಸ್ಯೆಯ ದಿನ ಹಗಲೆಲ್ಲ ಸ್ವಾತಿಯ ಮಳೆ ಜಿನುಗಿ ಸಂಜೆಗೆ ಬಿಟ್ಟಿತ್ತು. ಸರ ಕಟ್ಟಿ ಗುಂಡಿ ಒತ್ತಿದರೆ ಒಂದೂ ಹೊತ್ತಲಿಲ್ಲ. ಸರದಲ್ಲಿ ಯಾವುದೋ ಒಂದು ಬಲ್ಬು ಸುಟ್ಟಿದೆ, ಅದನ್ನು ಹುಡುಕಬೇಕು. ಹುಡುಕುವುದು ಹೇಗೆ? ಕರೆಂಟು ಹಾಗೇ ಇಟ್ಟು, ಒಂದೊಂದೇ ಬಲ್ಬನ್ನು ಕಿತ್ತು ಹೊಸದನ್ನು ಹಾಕುತ್ತ ಹೋಗುವುದು. ಕೆಟ್ಟ ಬಲ್ಬಿನ ಸರದಿ ಬಂದಾಗ ಇಡೀ ಸರ ಒಮ್ಮೆಲೆ ಝಗ್ಗೆಂದು ಹೊತ್ತುತ್ತದೆ. ಎಲ್ಲರೂ ಹೀಗೆಯೇ ಮಾಡುತ್ತಾರೆ, ನೀವೂ ಮಾಡಿದ್ದೀರಿ. ಮಾಸ್ತರರು ಕಬ್ಬಿಣದ ಏಣಿಯ ಮೇಲೆ ಬರಿಗಾಲಿನಲ್ಲಿ ನಿಂತಿದ್ದರು. ಒಂಬತ್ತು ವರ್ಷದ ಮಗಳು ಕೆಳಗೆ ನಿಂತು ಹೊಸ ಬಲ್ಬನ್ನು ಮೇಲಕ್ಕೆ ಚಾಚುತ್ತಿದ್ದಳು. ಹನ್ನೆರಡನೆಯದೋ ಹದಿಮೂರನೆಯದೋ ಬಲ್ಬನ್ನು ಕಿತ್ತಾಗ ಅವರ ಬೆರಳು ಹಿಡಿಕೆಯೊಳಗಿನ ಲೋಹಕ್ಕೆ ತಗಲಿತು. ಕೈ ಮುಷ್ಟಿಗಟ್ಟಿಕೊಂಡಿತು. ಕೂಗಲಿಕ್ಕೂ ಬರಲಿಲ್ಲವಂತೆ. ಏಣಿ ಜಾರಿ ಅವರ ಮೈಭಾರಕ್ಕೆ ತಂತಿ ಹರಿದದ್ದರಿಂದ ಜೀವ ಉಳಿಯಿತು. ಎರಡು ಬೆರಳ ತುದಿ ಸುಟ್ಟು, ಕೊರಳೆಲುಬು ಮುರಿದಿತ್ತು. ಮರುವಾರ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಮಠಕ್ಕೆ ಬಂದರು. ಮಗಳು ಅವರ ಧೋತ್ರದ ಚುಂಗನ್ನು ಹಿಡಿದವಳು ಬಿಟ್ಟಿರಲಿಲ್ಲ. "ಬುದ್ಧೀ, ಡಬ್ಬಿಯ ಮೇಲೆ ಆರು ವೋಲ್ಟಿನ ಬಲ್ಬು ಎಂದು ಬರೆದಿತ್ತು. ಆರು ವೋಲ್ಟು ಏನು ಮಾಡೀತು ಎಂದುಕೊಂಡೆ" ಎಂದರು.

ಮಾಸ್ತರರು ಓದಿದವರು. ಆದರೂ ಈ ಒಂದು ಮಾತಿನಲ್ಲಿ ಮೋಸಹೋದರು. ಆದುದರಿಂದ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ನಮ್ಮ ಮನೆಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟು. ಆರು ವೋಲ್ಟಿನ ಬಲ್ಬನ್ನು ಇದಕ್ಕೆ ನೇರವಾಗಿ ಹಚ್ಚಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಸುಟ್ಟುಹೋಗುತ್ತದೆ. ಅದಕ್ಕಾಗಿ ಹಳೆಯ ಬಗೆಯ ಸರದಲ್ಲಿ ನಲವತ್ತು ಬಲ್ಬುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿರುತ್ತಾರೆ. 230ನ್ನು ನಲವತ್ತು ಮಂದಿ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಆರಕ್ಕಿಂತ ತುಸು ಕಡಿಮೆಯೇ ಬರುತ್ತದೆ. ಸರಿಯೇ? ಸರಿ. ಆದರೆ ಈ ಹಂಚಿಕೆ ವಿದ್ಯುತ್ತು ಹರಿಯುತ್ತಿರುವ ತನಕ ಮಾತ್ರ. ಒಂದು ಬಲ್ಬು ಸುಟ್ಟಿತೆನ್ನಿ, ಅಥವಾ ನಾವೇ ಒಂದನ್ನು ಕಿತ್ತೆವೆನ್ನಿ. ಹರಿವು ನಿಂತಿತು. ಹರಿವು ನಿಂತಾಗ ಒತ್ತಡ ಎಲ್ಲಿ ಹೋಗುತ್ತದೆ?

ಕೆರೆಯ ತೂಬನ್ನು ನೆನೆಯಿರಿ. ಕೆರೆಯಿಂದ ಹೊರಟ ಕೊಳವೆಯೊಂದರಲ್ಲಿ ನಲವತ್ತು ಕಡೆ ಇಕ್ಕಟ್ಟು ಮಾಡಿದ್ದಾರೆ ಎಂದಿಟ್ಟುಕೊಳ್ಳೋಣ. ನೀರು ಹರಿಯುವಾಗ ಒಂದೊಂದು ಇಕ್ಕಟ್ಟಿನಲ್ಲಿಯೂ ಅದರ ರಭಸ ಸ್ವಲ್ಪ ಸ್ವಲ್ಪ ಕರಗುತ್ತ ಕೊನೆಗೆ ಸಣ್ಣಗೆ ಬೀಳುತ್ತದೆ. ಈಗ ಹದಿಮೂರನೆಯ ಇಕ್ಕಟ್ಟನ್ನು ಪೂರ್ತಿ ಮುಚ್ಚಿಬಿಡಿ. ನೀರು ನಿಂತಿತು. ನಿಂತ ನೀರಿಗೆ ಇಕ್ಕಟ್ಟಿನ ಬಾಧೆ ಇಲ್ಲ. ಹಿಂದಿನ ಹನ್ನೆರಡೂ ಇಕ್ಕಟ್ಟುಗಳನ್ನು ದಾಟಿ ಕೆರೆಯ ಪೂರಾ ಎತ್ತರದ ಭಾರ ಬಂದು ಆ ಹದಿಮೂರನೆಯ ಬಾಗಿಲಿನ ಮೇಲೆ ನಿಲ್ಲುತ್ತದೆ. ಸರದಲ್ಲಿಯೂ ಹೀಗೆಯೇ. ಬಲ್ಬು ಸುಟ್ಟ ಜಾಗದಲ್ಲಿ ಇರುವುದು ಆರು ವೋಲ್ಟಲ್ಲ, 230ಕ್ಕೆ 230. ದೀಪ ಹೊತ್ತುತ್ತಿರುವಾಗ ಇರುವುದಕ್ಕಿಂತ ಆರಿರುವಾಗಲೇ ಆ ಒಂದು ಹಿಡಿಕೆಯಲ್ಲಿ ಅಪಾಯ ಹೆಚ್ಚು. ಕಣ್ಣಿಗೋ ಅಲ್ಲಿ ಬರೀ ಕತ್ತಲೆ ಕಾಣುತ್ತದೆ! ಆರಿದೆ ಎಂದು ಕೈ ಹಾಕುತ್ತೇವೆ.

ಗುಂಡಿ ಆರಿಸಿದರೆ ಸಾಲದೇ ಎಂದರೆ, ಸಾಲದು. ಗುಂಡಿಯನ್ನು ಫೇಸಿನ ತಂತಿಗೆ ಹಾಕಬೇಕಾದದ್ದು ನಿಯಮ. ಕೆಲಸಗಾರ ಅವಸರದಲ್ಲಿ ನ್ಯೂಟ್ರಲಿಗೆ ಹಾಕಿ ಹೋಗಿದ್ದರೆ ದೀಪ ಆರುತ್ತದೆ, ಸರದಲ್ಲಿ ಜೀವ ಹಾಗೆಯೇ ಇರುತ್ತದೆ. ಆದುದರಿಂದ ಸರವನ್ನು ಮುಟ್ಟುವ ಮೊದಲು ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವ ಹಾಗೆ ಹೊರಗಿಡಬೇಕು. ಇನ್ನೊಂದು ಚಾಳಿ ಉಂಟು. ಸುಟ್ಟ ಬಲ್ಬಿನ ಹಿಡಿಕೆಯನ್ನೇ ಕತ್ತರಿಸಿ ತಂತಿ ಹೊಸೆದುಬಿಡುವುದು. ನಲವತ್ತು ಇದ್ದದ್ದು ಮೂವತ್ತೈದಾದರೆ ಉಳಿದವಕ್ಕೆ ತಲಾ ಆರೂವರೆ ವೋಲ್ಟು ಬೀಳುತ್ತದೆ. ಅವು ಹೆಚ್ಚು ಹೊಳೆದು ಬೇಗ ಸಾಯುತ್ತವೆ. ಆಗ ಇನ್ನೆರಡು ಕತ್ತರಿಸುತ್ತಾರೆ. ಹೀಗೆ ಸರ ಗಿಡ್ಡವಾಗುತ್ತ, ಹೊಸೆದ ಗಂಟು ಹೆಚ್ಚುತ್ತ ಹೋಗುತ್ತದೆ.

ಮನುಷ್ಯನನ್ನು ಕೊಲ್ಲುವುದಕ್ಕೆ ಎಷ್ಟು ವಿದ್ಯುತ್ತು ಬೇಕು ಎಂದು ನಾವು ತಿಳಿದವರನ್ನು ಕೇಳಿದೆವು. ಕೇಳಿ ನಮಗೇ ಆಶ್ಚರ್ಯವಾಯಿತು. ಒಂದು ಆಂಪಿಯರಿನ ಸಾವಿರದಲ್ಲೊಂದು ಪಾಲಿಗೆ ಮಿಲಿಆಂಪಿಯರ್ ಎನ್ನುತ್ತಾರೆ. ಅಂಥದು ಒಂದು ಹರಿದರೆ ಚುರುಗುಟ್ಟುತ್ತದೆ. ಹತ್ತರ ಸುಮಾರಿಗೆ ಕೈಯ ಸ್ನಾಯು ಬಿಗಿದುಕೊಂಡು, ಬಿಡಬೇಕೆಂದರೂ ಬಿಡುವುದಕ್ಕೆ ಬರುವುದಿಲ್ಲ. "ಕರೆಂಟು ಹಿಡಿದುಕೊಂಡಿತು" ಎಂದು ನಾವು ಅನ್ನುವುದು ಇದನ್ನೇ. ನಿಜವಾಗಿ ಹಿಡಿದುಕೊಂಡಿರುವುದು ನಮ್ಮ ಕೈಯೇ. ಮೂವತ್ತು ಮೀರಿ ಕೆಲ ಹೊತ್ತು ನಿಂತರೆ ಉಸಿರು ಕಟ್ಟುತ್ತದೆ, ಇನ್ನೂ ಹೆಚ್ಚಾದರೆ ಹೃದಯದ ಬಡಿತದ ಲಯವೇ ತಪ್ಪುತ್ತದೆ. ನಲವತ್ತು ವ್ಯಾಟಿನ ಒಂದು ಬಡ ಬಲ್ಬು ಹೀರುವುದು ಸುಮಾರು 170 ಮಿಲಿಆಂಪಿಯರು. ಅದರ ಕಾಲುಪಾಲು ಒಬ್ಬ ಮನುಷ್ಯನಿಗೆ ಸಾಕು. ಒಣ ಚರ್ಮ ಸ್ವಲ್ಪ ತಡೆಯುತ್ತದೆ. ನೆನೆದ ಕೈ, ಬರಿಗಾಲು, ಕಬ್ಬಿಣದ ಏಣಿ, ಒದ್ದೆ ನೆಲ, ಇವು ಸೇರಿದರೆ ಆ ತಡೆ ಹೋಯಿತು. ನಮ್ಮ ದೀಪಾವಳಿ ಬರುವುದೇ ಚಿತ್ತೆ, ಸ್ವಾತಿ, ವಿಶಾಖೆಯ ಮಳೆಗಳ ನಡುವೆ ಎಂಬುದನ್ನು ರೈತರಾದ ನಿಮಗೆ ನಾವು ಹೇಳಬೇಕಾಗಿಲ್ಲ.

"ನಮ್ಮ ಮನೆಯಲ್ಲಿ ಎಂಸಿಬಿ ಇದೆ, ಅದು ಬೀಳುತ್ತದೆ" ಎಂದು ಹೊಸ ಮನೆಯವರು ಧೈರ್ಯ ಹೇಳುತ್ತಾರೆ. ಅದು ಬೀಳುವುದು ತಂತಿಯನ್ನು ಉಳಿಸುವುದಕ್ಕೆ, ಮನುಷ್ಯನನ್ನು ಉಳಿಸುವುದಕ್ಕಲ್ಲ. ದೀಪದ ಸಾಲಿಗೆ ಹಾಕುವ ಆರು ಆಂಪಿಯರಿನ ಎಂಸಿಬಿ ಆರು ಸಾವಿರ ಮಿಲಿಆಂಪಿಯರಿನವರೆಗೆ ಸುಮ್ಮನಿರುತ್ತದೆ. ನೂರಕ್ಕೆ ಮನುಷ್ಯ ಹೋಗಿರುತ್ತಾನೆ. ಫ್ಯೂಜಿನದೂ ಅದೇ ಕಥೆ. ಮನುಷ್ಯನಿಗಾಗಿ ಇರುವುದು ಬೇರೆ, ಅದಕ್ಕೆ ಆರ್‌ಸಿಸಿಬಿ ಎನ್ನುತ್ತಾರೆ. ಕುರುಬ ಬೆಳಿಗ್ಗೆ ಹಟ್ಟಿಯಿಂದ ಹೊರಟ ಕುರಿಗಳನ್ನು ಎಣಿಸಿ ಸಂಜೆ ಮರಳಿದವನ್ನು ಎಣಿಸುತ್ತಾನಲ್ಲ, ಇದೂ ಹಾಗೆಯೇ ಹೋದ ವಿದ್ಯುತ್ತನ್ನೂ ಮರಳಿದ ವಿದ್ಯುತ್ತನ್ನೂ ಎಡೆಬಿಡದೆ ತೂಗಿ ನೋಡುತ್ತಿರುತ್ತದೆ. ಮೂವತ್ತು ಮಿಲಿಆಂಪಿಯರಿನಷ್ಟು ಕಡಿಮೆ ಬಂದರೆ ಯಾರದೋ ಮೈಯೊಳಗಿನಿಂದ ನೆಲಕ್ಕೆ ಹೋಗುತ್ತಿದೆ ಎಂದು ಸೆಕೆಂಡಿನ ಸಣ್ಣ ಪಾಲಿನಲ್ಲಿ ಕಡಿದುಹಾಕುತ್ತದೆ. ಮನೆಯಲ್ಲಿ ಇಲ್ಲದಿದ್ದರೆ ಈ ಹಬ್ಬಕ್ಕೆ ಪಟಾಕಿಯ ದುಡ್ಡಿನಲ್ಲಿ ಅದನ್ನು ಹಾಕಿಸಿ. ಇದ್ದರೆ ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು. ಬಲ್ಬಿನ ಹಿಡಿಕೆಯ ಎರಡೂ ನಾಲಗೆಗಳನ್ನು ಒಟ್ಟಿಗೆ ಮುಟ್ಟಿದವನನ್ನು ಇದೂ ಉಳಿಸಲಾರದು. ಏಕೆಂದರೆ ಆಗ ಹೋದ ಕುರಿಗಳೆಲ್ಲ ಅವನ ಬೆರಳಿನ ಮೂಲಕ ಲೆಕ್ಕ ತಪ್ಪದೆ ಮರಳಿ ಬಂದಿರುತ್ತವೆ.

ಈಗಿನ ಅಂಗಡಿಗಳಲ್ಲಿ ಎಲ್‌ಇಡಿಯ ಸರವೇ ಹೆಚ್ಚು. ನೀಲಿ ಬೆಳಕಿನ ಎಲ್‌ಇಡಿಯನ್ನು ಕಂಡುಹಿಡಿದುದಕ್ಕೆ ಅಕಾಸಾಕಿ, ಅಮಾನೊ, ನಾಕಾಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಬಿಳಿಯ ಬೆಳಕಿಗೂ ಆ ನೀಲಿಯೇ ಮೂಲ. ಒಳ್ಳೆಯ ವಸ್ತು. ಸುಡುವುದಿಲ್ಲ, ಇಡೀ ಸರ ಕೆಲವೇ ವ್ಯಾಟಿನಲ್ಲಿ ಮುಗಿಯುತ್ತದೆ. ಹಿಂದೆ ನಾವು "ಜೀರೋ ಬಲ್ಬು" ಎಂದು ಸಾಲುಸಾಲಾಗಿ ಕಟ್ಟುತ್ತಿದ್ದೆವಲ್ಲ, ಅದರ ಹೆಸರು ಸೊನ್ನೆ, ನುಂಗುತ್ತಿದ್ದುದು ಒಂದೊಂದೂ ಸುಮಾರು ಹದಿನೈದು ವ್ಯಾಟು! ಆದರೆ ಎಲ್‌ಇಡಿ ಎಂದ ಮಾತ್ರಕ್ಕೆ ನಿರ್ಭಯವೆಂದು ತಿಳಿಯಬಾರದು. ಎಲ್‌ಇಡಿಯ ಒಂದು ಬೀಜಕ್ಕೆ ಬೇಕಾದದ್ದು ಎರಡು ಮೂರು ವೋಲ್ಟು. ಸೋವಿಯ ಸರಗಳಲ್ಲಿ ಇವನ್ನೂ ಬಾಲಕ್ಕೆ ಬಾಲ ಕಟ್ಟಿ ನೇರವಾಗಿ 230ಕ್ಕೆ ಸಿಕ್ಕಿಸುತ್ತಾರೆ, ತಂತಿಯೋ ನೂಲಿನಷ್ಟು ಸಣ್ಣದು, ಮೇಲಿನ ಹೊದಿಕೆ ಇಲಿ ಮೂಸಿದರೆ ಹೋಗುವಂಥದು. ಇದರ ಬದಲು ಒಂದು ಸಣ್ಣ ಅಡಾಪ್ಟರಿನ ಪೆಟ್ಟಿಗೆ ಇದ್ದು, ಅದರಿಂದ ಈಚೆಗೆ 24 ವೋಲ್ಟೋ ಇನ್ನೂ ಕಡಿಮೆಯೋ ಮಾತ್ರ ಬರುವಂಥ ಸರಗಳು ಸಿಗುತ್ತವೆ. ಬಿ.ಐ.ಎಸ್. ಗುರುತು ನೋಡಿ ಅಂಥದನ್ನು ಕೊಳ್ಳಿ. ಪೆಟ್ಟಿಗೆ ಮನೆಯ ಒಳಗಿರಲಿ, ಸರ ಹೊರಗೆ ಹೋಗಲಿ. ಆಗ ಗೋಡೆಯ ಆಚೆಗೆ, ಮಕ್ಕಳ ಕೈಗೆ ಸಿಗುವ ಕಡೆ, 230 ಇರುವುದೇ ಇಲ್ಲ. ಡಬ್ಬಿಯ ಮೇಲೆ ಐಪಿ ಎಂದು ಬರೆದು ಎರಡು ಅಂಕೆಗಳಿರುತ್ತವೆ. ಎರಡನೆಯ ಅಂಕೆ ನೀರಿನದು. ಅಲ್ಲಿ ಸೊನ್ನೆ ಇದ್ದರೆ ಪಡಸಾಲೆಗೆ ಮಾತ್ರ, ನಾಲ್ಕೋ ಹೆಚ್ಚೋ ಇದ್ದರೆ ಹೊರಗೆ.

ಕಟ್ಟುವ ಬಗೆಯಲ್ಲಿಯೂ ತಪ್ಪುಗಳಿವೆ, ಅವನ್ನು ನಮ್ಮಿಂದಲೇ ಆರಂಭಿಸುತ್ತೇವೆ. ಒಂದು ವರ್ಷ ಜಾತ್ರೆಗೆಂದು ಮಠದ ಮಹಾದ್ವಾರದ ಕಬ್ಬಿಣದ ಕಮಾನಿಗೆ ಸರ ಹಾಕಿದ್ದರು. ಜಾತ್ರೆ ಮುಗಿದು ಬಿಚ್ಚುವಾಗ ನೋಡಿದರೆ ನಡುವೆ ಎರಡು ತಂತಿ ಹೊಸೆದ ಗಂಟು, ಅದಕ್ಕೆ ಸುತ್ತಿದ್ದು ಒಂದು ಪ್ಲಾಸ್ಟಿಕ್ ಚೀಲದ ಚೂರು, ಮೇಲೆ ಸಣಬಿನ ದಾರ. ಅದು ಕಬ್ಬಿಣಕ್ಕೆ ಆತುಕೊಂಡಿತ್ತು. ಮೂರು ದಿನ ನಾವು ಆ ಕಮಾನಿನ ಕಂಬಕ್ಕೆ ಕೈಯಿಟ್ಟುಕೊಂಡು ನಿಂತೇ ಬಂದವರನ್ನು ಬರಮಾಡಿಕೊಂಡಿದ್ದೆವು. ಮಳೆ ಬರಲಿಲ್ಲ, ಅಷ್ಟೇ. ಆಮೇಲೆ ಕಬ್ಬಿಣಕ್ಕೆ ಸರ ಕಟ್ಟುವುದನ್ನು ಬಿಟ್ಟೆವು. ನೀವೂ ಗೇಟಿಗೆ, ಕಿಟಕಿಯ ಸರಳಿಗೆ, ತಗಡಿನ ಅಂಚಿಗೆ, ಬಟ್ಟೆ ಒಣಗಿಸುವ ತಂತಿಗೆ ಕಟ್ಟಬೇಡಿ. ಬಿದಿರಿನ ಗಳಕ್ಕೆ ಕಟ್ಟಿ, ಪ್ಲಾಸ್ಟಿಕ್ಕಿನ ಕೊಕ್ಕೆಗೆ ಸಿಕ್ಕಿಸಿ. ಮೊಳೆಯ ಕೆಳಗೆ ತಂತಿ ಸಿಕ್ಕಿದರೆ ಹೊದಿಕೆ ಸೀಳುತ್ತದೆ. ಮಳೆ ನಿಂತ ಮೇಲೆ ಬಟ್ಟೆಯ ತಂತಿಯಲ್ಲಿ ಹನಿಗಳು ಎಲ್ಲಿ ಬಂದು ಸೇರುತ್ತವೆ? ಜೋತುಬಿದ್ದ ತಗ್ಗಿನಲ್ಲಿ. ಸಾಕೆಟ್ಟಿಗೆ ಹೋಗುವ ತಂತಿಯನ್ನು ಅದರ ಬಾಯಿಗಿಂತ ಒಂದು ಗೇಣು ಕೆಳಗೆ ಜೋತುಬಿಟ್ಟು ಮೇಲಕ್ಕೆ ಒಯ್ದರೆ ಹನಿ ಆ ತಗ್ಗಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ, ಸಾಕೆಟ್ಟಿನೊಳಕ್ಕೆ ಇಳಿಯುವುದಿಲ್ಲ.

ಆಕಾಶಬುಟ್ಟಿಯ ವಿಷಯ ಹೆಚ್ಚಿಲ್ಲ. ಬಿದಿರಿನ ಕಡ್ಡಿಗೆ ಬಣ್ಣದ ಹಾಳೆ ಅಂಟಿಸಿ ಕಾರ್ತಿಕ ಮುಗಿಯುವ ತನಕ ತೂಗುಹಾಕುವ ಆ ಬುಟ್ಟಿ ನಮಗೂ ಪ್ರಿಯವೇ. ಅದರೊಳಗೆ ಅರವತ್ತು ವ್ಯಾಟಿನ ಬಲ್ಬು ಹಾಕಿದರೆ ಗಾಜು ಕಾಯ್ದು, ಗಾಳಿಗೆ ತಗಲಿದ ಹಾಳೆ ಕರಕಾಗುತ್ತದೆ. ಐದು ವ್ಯಾಟಿನ ಎಲ್‌ಇಡಿ ಸಾಕು. ಬುಟ್ಟಿಯ ಭಾರ ಹಗ್ಗದ ಮೇಲೆ ಬೀಳಬೇಕು, ತಂತಿಯ ಮೇಲಲ್ಲ.

ಓಣಿಗೆ ಅಡ್ಡಲಾಗಿ ಎದುರು ಮನೆಗೂ ನಮ್ಮ ಮನೆಗೂ ಸರ ಎಳೆಯುವ ಉತ್ಸಾಹಿಗಳಿದ್ದಾರೆ. ಎದುರು ಮನೆಗೆ ಬರುವ ಫೇಸು ಬೇರೆ ಇರಬಹುದು. ಆಗ ಆ ಮನೆಯ ತಂತಿಗೂ ಈ ಮನೆಯ ತಂತಿಗೂ ನಡುವೆ ಇರುವುದು 400 ವೋಲ್ಟು. ಇನ್ನು ಕೆಲವರು ಕಂಬದ ಮೇಲಿನ ತಂತಿಗೇ ಕೊಕ್ಕೆ ಹಾಕುತ್ತಾರೆ. ಅದು 2003ರ ವಿದ್ಯುಚ್ಛಕ್ತಿ ಕಾಯಿದೆಯಂತೆ ಕಳ್ಳತನ. ಕಾಯಿದೆ ಒತ್ತಟ್ಟಿಗಿರಲಿ, ಆ ಕೊಕ್ಕೆಗೂ ದೀಪಕ್ಕೂ ನಡುವೆ ಮೀಟರಿಲ್ಲ, ಫ್ಯೂಜಿಲ್ಲ, ಕುರಿ ಎಣಿಸುವ ಕುರುಬನೂ ಇಲ್ಲ. ಗಾಳಿಗೆ ಬಿದ್ದರೆ ಬೆಳಗಿನ ಜಾವ ಹಾಲು ತರುವ ಹೆಣ್ಣುಮಗಳ ಕಾಲಿಗೋ, ಬಲಿಪಾಡ್ಯಮಿಗೆ ಮೈತೊಳೆದು ಬಿಟ್ಟ ಹಸುವಿನ ಕಾಲಿಗೋ ಸಿಗುತ್ತದೆ.

ಇಷ್ಟಾಗಿಯೂ ಯಾರಾದರೂ ಸಿಕ್ಕಿಕೊಂಡರೆ ಓಡಿಹೋಗಿ ಅವರನ್ನು ಹಿಡಿಯಬೇಡಿ. ಒಬ್ಬರ ಜಾಗದಲ್ಲಿ ಇಬ್ಬರಾಗುತ್ತೀರಿ. ಮೊದಲು ಮೇನು ಆರಿಸಿ. ಆಗದಿದ್ದರೆ ಒಣಗಿದ ಕಟ್ಟಿಗೆಯಿಂದ, ಒಣ ಹಲಗೆಯ ಮೇಲೆ ನಿಂತು, ತಂತಿಯನ್ನು ದೂರ ಸರಿಸಿ. ಕಂಬದ ಮೇಲಿನ ಹೆಚ್ಚು ವೋಲ್ಟಿನ ತಂತಿಯಾದರೆ ಕಟ್ಟಿಗೆಯೂ ಕೆಲಸಕ್ಕೆ ಬಾರದು, ದೂರ ನಿಂತು 1912ಕ್ಕೆ ಫೋನು ಮಾಡಿ ಲೈನು ಆರಿಸುವಂತೆ ಹೇಳಿ. ಬಿಡಿಸಿದ ಮೇಲೆ ಬೂದಿ ಹಚ್ಚುತ್ತ, ಮಣ್ಣಿನಲ್ಲಿ ಹೂಳುತ್ತ ಹೊತ್ತು ಕಳೆಯಬಾರದು. ಅದರಿಂದ ಯಾರೂ ಬದುಕುವುದಿಲ್ಲ. ಉಸಿರು ಕಾಣದಿದ್ದರೆ ಅಂಗಾತ ಮಲಗಿಸಿ, ಎದೆಯ ನಟ್ಟನಡುವೆ ಎರಡು ಅಂಗೈ ಒಂದರ ಮೇಲೊಂದಿಟ್ಟು ಎರಡು ಅಂಗುಲ ಇಳಿಯುವ ಹಾಗೆ ಒತ್ತಬೇಕು, ನಿಮಿಷಕ್ಕೆ ನೂರಕ್ಕೆ ಕಡಿಮೆಯಿಲ್ಲದೆ. ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಗಾಡಿ ಬರುವ ತನಕ ಒತ್ತುವುದನ್ನು ನಿಲ್ಲಿಸಬಾರದು. ಕೈ ಸೋತರೆ ಮತ್ತೊಬ್ಬರು ಮುಂದುವರಿಸಬೇಕು.

ಆ ಮಾಸ್ತರರ ಮನೆಗೆ ಹೋದ ವರ್ಷ ದೀಪಾವಳಿಯ ಮುನ್ನಾದಿನ ನಾವು ಹೋಗಿದ್ದೆವು. ಸರ ಕಟ್ಟುವುದನ್ನು ಅವರು ಬಿಟ್ಟಿರಬಹುದೆಂದು ತಿಳಿದಿದ್ದೆವು, ಬಿಟ್ಟಿಲ್ಲ. ಕಬ್ಬಿಣದ ಏಣಿಯ ಜಾಗಕ್ಕೆ ಬಿದಿರಿನ ಏಣಿ ಬಂದಿದೆ, ಕಾಲಿಗೆ ರಬ್ಬರಿನ ಮೆಟ್ಟು ಬಂದಿದೆ. ಮಗಳು ಈಗ ದೊಡ್ಡವಳಾಗಿದ್ದಾಳೆ. ಅಪ್ಪ ಏಣಿಯ ಮೇಲಿರುವಷ್ಟು ಹೊತ್ತೂ ಅವಳು ಜಗಲಿಯ ಮೇಲೆ ಕುಳಿತು, ಕಿತ್ತ ಪ್ಲಗ್ಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. "ಕೆಳಗೆ ಇಡು ಮಗಳೇ, ಬಂದವರಿಗೆ ನೀರು ಕೊಡು" ಎಂದು ತಾಯಿ ಒಳಗಿನಿಂದ ಕೂಗಿದರು. ಅವಳು ಏಳಲಿಲ್ಲ. ಅಪ್ಪ ಇಳಿದು ನೆಲಕ್ಕೆ ಕಾಲಿಟ್ಟ ಮೇಲೆಯೇ ಎದ್ದು, ಪ್ಲಗ್ಗನ್ನು ಅವರ ಕೈಗೆ ಕೊಟ್ಟು ಒಳಗೆ ಹೋದಳು.